ಹಸಿರು ದಾರದ ಬೀಗ

ಎರಡು ಮಹಡಿಗಳ ನಡುವೆ ಗಾಜಿನ ಕಟ್ಟಡದ ಲಿಫ್ಟು ಒಮ್ಮೆ ಕೆಮ್ಮಿದಂತೆ ಮಾಡಿ ನಿಂತೇಬಿಟ್ಟಿತು.

ಒಳಗಿದ್ದವಳು ಅವಳೊಬ್ಬಳೇ. ಕೈಯಲ್ಲಿ ಬೆಡ್‌ಶೀಟಿನಲ್ಲಿ ಕಟ್ಟಿದ ಇಸ್ತ್ರಿ ಬಟ್ಟೆಯ ಗಂಟು. ಅದನ್ನು ಕೆಳಗಿಡಲು ಮನಸ್ಸಾಗಲಿಲ್ಲ. ಇಟ್ಟರೆ ಮಡಿಕೆ ಮುರಿಯುತ್ತದೆ, ಮುರಿದರೆ ಮತ್ತೆ ಕೆಂಡ, ಮತ್ತೆ ಬೆವರು... ಗಂಟನ್ನು ಮಗುವಿನಂತೆ ಎದೆಗೆ ಅವಚಿಕೊಂಡೇ ಗಂಟೆಯ ಗುಂಡಿ ಒತ್ತಿದಳು.

ಸ್ವಲ್ಪ ಹೊತ್ತಿಗೇ ಮೇಲಿನಿಂದ ಗಂಡಸಿನ ದನಿ ಕೇಳಿಸಿತು.

"ಒಳಗೆ ಯಾರಾದರೂ ಇದ್ದೀರಾ?"

"ಇದ್ದೀನಿ."

"ಹೆದರ್ಕೋಬೇಡಿ. ನಾನು ಬಂದಿದ್ದೀನಿ."

"ಹೆದರಿದ್ದೀನಿ ಅಂತ ನಿಮಗ್ಯಾರು ಹೇಳಿದ್ರು?"

ಮೇಲಿನಿಂದ ತಡೆದುಕೊಂಡರೂ ತಡೆಯಲಾಗದ ಒಂದು ನಗು.

ಬಾಗಿಲು ಕಿರುಗುಟ್ಟುತ್ತಾ ಅರ್ಧ ಸರಿಯಿತು. ಅವಳ ತಲೆಯ ಮಟ್ಟಕ್ಕೆ ಮಹಡಿಯ ನೆಲ, ಅಲ್ಲಿ ಮೊಣಕಾಲೂರಿ ಕುಳಿತ ಮೆಕ್ಯಾನಿಕ್. ಗ್ರೀಸ್ ಮೆತ್ತಿದ ಕೈಯನ್ನು ಅವಳತ್ತ ಚಾಚಿದ್ದ. ಅವಳು ಆ ಕೈ ಹಿಡಿಯಲಿಲ್ಲ.

"ಮೊದಲು ಇದನ್ನ ತಗೊಳ್ಳಿ. ಕೈ ಒರೆಸ್ಕೊಂಡು."

ಅವನು ಹಿಂದೆಮುಂದೆ ನೋಡದೆ ತನ್ನದೇ ಅಂಗಿಯ ಎದೆಗೆ ಕೈ ಒರೆಸಿಕೊಂಡ. ಅಷ್ಟಾದರೂ ನಂಬಿಕೆ ಸಾಲದೆ, ಗಂಟಿಗೆ ಬೆರಳು ತಾಕದಂತೆ ಎರಡೂ ಮುಂಗೈಗಳ ಮೇಲೆ ಅದನ್ನು ಇಳಿಸಿಕೊಂಡು, ಗೋಡೆಯ ಪಕ್ಕ ಹಾಸಿದ್ದ ತನ್ನ ಟವೆಲ್ ಮೇಲೆ ಇಟ್ಟ. ಅವಳು ಅಂಚು ಹಿಡಿದು ತಾನೇ ಹತ್ತಿ ಬಂದಳು.

"ಸಾರಿ, ಸ್ವಲ್ಪ ತಡವಾಯ್ತು," ಎಂದ.

ತಡವಂತೆ. ಅವಳ ಎದೆಯಲ್ಲಿ ಏನೋ ಭಗ್ಗೆಂದಿತು. ಇಲ್ಲಿ ಬೆವರು ಒಡೆಯುವ ಮೊದಲೇ ಒಬ್ಬ ಓಡಿ ಬಂದು ಸಾರಿ ಕೇಳುತ್ತಾನೆ. ಅಲ್ಲಿ, ಗೋಡೆಯ ಆ ಕಡೆ... ಆ ಮಾತು ತುದಿನಾಲಿಗೆಯವರೆಗೆ ಬಂದು ನಿಂತಿತು. ಗಂಟೆತ್ತಿಕೊಂಡು ಹೊರಟೇಹೋದಳು.

ಅವಳನ್ನು ಎಲ್ಲರೂ ಕೆಂಡ ಎಂದೇ ಕರೆಯುತ್ತಿದ್ದರು. ಕೆಂಡದ ಇಸ್ತ್ರಿ ಪೆಟ್ಟಿಗೆ ಉಜ್ಜುವವಳು ಎಂಬುದು ಒಂದು ಕಾರಣ. ಇನ್ನೊಂದನ್ನು ಅವಳೊಡನೆ ಎರಡು ಮಾತಾಡಿದವರು ತಾವೇ ತಿಳಿದುಕೊಳ್ಳುತ್ತಿದ್ದರು.

ಆ ಗಾಜಿನ ಕಟ್ಟಡ ನಿಂತ ಜಾಗದಲ್ಲಿ ಮೊದಲು ತಗಡಿನ ಮನೆಗಳಿದ್ದವು. ಈಗ ಮುಂಬಾಗಿಲಲ್ಲಿ ಕಾರಂಜಿ ಚಿಮ್ಮುತ್ತದಲ್ಲ, ಅಲ್ಲೇ ಕೆಂಡಳ ಮನೆಯ ಒಲೆ ಇದ್ದದ್ದು. ಜಾಗ ಬಿಟ್ಟುಕೊಡಿ, ಹಿಂದುಗಡೆ ಪಕ್ಕಾ ಮನೆ ಕಟ್ಟಿಸಿಕೊಡುತ್ತೇವೆ, ಲಿಫ್ಟು ಕೂಡ ಇರುತ್ತದೆ ಎಂದು ಕಂಪನಿ ಹೇಳಿತು. ಕಟ್ಟಿಸಿಯೂ ಕೊಟ್ಟಿತು. ಏಳು ಮಹಡಿಯ ಒಂದು ಪೆಟ್ಟಿಗೆ. ಸಂಸಾರಕ್ಕೊಂದು ಕೋಣೆ, ಕೋಣೆಗೊಂದು ಕಿಟಕಿ. ಕಿಟಕಿ ತೆರೆದರೆ ಕಾಣುವುದು ಗಾಜಿನ ಕಟ್ಟಡದವರಿಗೆ ಇವರು ಕಾಣದಿರಲೆಂದು ಎಬ್ಬಿಸಿದ ಗೋಡೆ.

ಲಿಫ್ಟನ್ನೂ ಕೊಟ್ಟಿತ್ತು. ಅದು ಒಂದು ದಿನವೂ ಓಡಲಿಲ್ಲ.

ಮನೆ ಹಂಚುವಾಗ ಕೆಂಡ ಮತ್ತು ಅವಳ ತಾಯಿಗೆ ಬಂದದ್ದು ಏಳನೇ ಮಹಡಿ. ಅಮ್ಮನ ಪಾದದಲ್ಲಿ ಮಾಯದ ಹುಣ್ಣಿದೆ, ಕೆಳಗಿನ ಮನೆ ಕೊಡಿ ಎಂದು ಅವಳು ಕೇಳಿಕೊಂಡಾಗ ಕಂಪನಿಯ ಮ್ಯಾನೇಜರ್ ನಗುನಗುತ್ತಲೇ, "ಲಿಫ್ಟ್ ಇದೆಯಲ್ಲಮ್ಮ" ಎಂದಿದ್ದ.

ನೆಲಮಹಡಿಯ ಮೀಟರ್ ಕೋಣೆಯಲ್ಲಿ ಲಿಫ್ಟಿನ ದೊಡ್ಡ ಸ್ವಿಚ್ಚಿತ್ತು. ಅದಕ್ಕೊಂದು ಕೆಂಪು ಬೀಗ, ಬೀಗದ ಕುತ್ತಿಗೆಗೆ ಹಸಿರು ಉಣ್ಣೆಯ ದಾರ. ದೂರು ಕೊಟ್ಟಾಗಲೆಲ್ಲ ಕಂಪನಿ ಯಾರೋ ಒಬ್ಬ ಮೆಕ್ಯಾನಿಕ್‌ನನ್ನು ಕಳಿಸುತ್ತಿತ್ತು. ಬಂದವನು ಬೀಗ ನೋಡಿ ತಲೆಯಾಡಿಸುತ್ತಿದ್ದ. "ಇದು ಬೇರೆ ಮೆಕ್ಯಾನಿಕ್ ಹಾಕಿದ ಬೀಗ. ಅವನೇ ಬಂದು ತೆಗೀಬೇಕು, ನಾವು ಮುಟ್ಟೋ ಹಾಗಿಲ್ಲ." ಅವನು ಯಾರು, ಎಲ್ಲಿದ್ದಾನೆ ಎಂದು ಕೇಳಿದರೆ ಮ್ಯಾನೇಜರ್ ಬೇರೆ ಊರಿನ ಕೆಲಸದ ಕಡೆ ಕೈ ತೋರಿಸುತ್ತಿದ್ದ. ಹೇಳಿಕಳಿಸಿದ್ದೀನಿ, ಬರ್ತಾನೆ ಎನ್ನುತ್ತಿದ್ದ.

ಹಾಗೆ ಇಡೀ ಕಟ್ಟಡಕ್ಕೆ ಬೈಯಲು ಒಬ್ಬ ಮನುಷ್ಯ ಸಿಕ್ಕಿದ. ಹಸಿರು ದಾರದವನು. ನೀರಿನ ಕೊಡ ಚೆಲ್ಲಿದರೆ ಅವನಿಗೆ ಶಾಪ, ಮೊಣಕಾಲು ಹಿಡಿದರೆ ಅವನಿಗೆ ಶಾಪ. ಆರನೇ ಮಹಡಿಯ ಹೆಂಗಸು ಆಸ್ಪತ್ರೆ ತಲುಪಲಾರದೆ ಮೂರನೇ ಮಹಡಿಯ ಮೆಟ್ಟಿಲ ಮೇಲೇ ಹೆತ್ತಾಗ, ಹೆರಿಗೆ ಮಾಡಿಸಿದವರೆಲ್ಲ ಸೇರಿ ಅವನ ವಂಶವನ್ನೇ ಜಾಲಾಡಿದರು. ಆ ಮಗು ಈಗ ಓಡಾಡುತ್ತದೆ. ಎಲ್ಲರೂ ಅದನ್ನು ಮೆಟ್ಟಿಲಪ್ಪ ಎನ್ನುತ್ತಾರೆ.

ಆದರೆ ಅದೇ ಮೆಟ್ಟಿಲ ಮೇಲೆ ಇನ್ನೊಂದು ಸಂಗತಿಯೂ ನಡೆದಿತ್ತು. ಯಾರೂ ಯಾರಿಗೂ ಹೇಳದೆಯೇ ಪ್ರತಿ ಮಹಡಿಯಲ್ಲೂ ಕೂರಲು ಒಂದೊಂದು ಆಸನ ಬಂದು ನಿಂತಿತು. ಎರಡನೆಯದರಲ್ಲಿ ಮುರುಕು ಸ್ಟೂಲು. ಮೂರರಲ್ಲಿ ಬೋರಲು ಹಾಕಿದ ಬಣ್ಣದ ಡಬ್ಬಿ, ಅದರ ಮೇಲೆ ಯಾರದೋ ದಿಂಬು. ನಾಲ್ಕರಲ್ಲಿ, ಹಿಂದೆ ತಳ್ಳುಗಾಡಿ ತಳ್ಳುತ್ತಿದ್ದ ಅಜ್ಜನ ಸ್ವಂತ ಕುರ್ಚಿ. ಗಂಟು ಹೊತ್ತು ಏದುಸಿರು ಬಿಡುತ್ತಾ ಬರುವವಳನ್ನು ಕಂಡರೆ ಅವನು ಎದ್ದು ನಿಲ್ಲುತ್ತಿದ್ದ. "ಕೂತ್ಕೋ ಕೆಂಡಾ. ಈ ಕುರ್ಚಿಗೆ ಬಾಡಿಗೆ ಇಲ್ಲ, ಬೀಗಾನೂ ಇಲ್ಲ."

ವಾರಕ್ಕೊಮ್ಮೆ ಅಮ್ಮನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಅಕ್ಕಪಕ್ಕದವರು ಹೊತ್ತು ಇಳಿಸುತ್ತಿದ್ದರು. ಹುಣ್ಣಿಗೆ ಡ್ರೆಸ್ಸಿಂಗ್ ತಪ್ಪಿದರೆ ಪಾದ ಉಳಿಯುವುದಿಲ್ಲ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಆ ಒಂದು ದಿನ ಬಿಟ್ಟರೆ ಅಮ್ಮನ ಕಾಲಿಗೆ ಕೆಳಗಿನ ನೆಲ ಸೋಕುತ್ತಿರಲಿಲ್ಲ.

ಗಾಜಿನ ಕಟ್ಟಡದಲ್ಲಿ ಕೆಂಡ ಇದಾವುದನ್ನೂ ಬಾಯಿಬಿಡುತ್ತಿರಲಿಲ್ಲ. ಹಿಂದಿನ ಕಟ್ಟಡದವಳೆಂದು ಗೊತ್ತಾದ ಒಬ್ಬ ಹೆಂಗಸನ್ನು ಅಲ್ಲಿನವರು ಮರುದಿನವೇ ಮನೆಗೆಲಸದಿಂದ ಬಿಡಿಸಿದ್ದರು. ಎಲ್ಲಿಂದ ಬರ್ತೀಯ ಎಂದು ಕೇಳಿದವರಿಗೆಲ್ಲ ಅವಳದು ಒಂದೇ ಉತ್ತರ. ಪಕ್ಕದ ಬೀದಿ.

ಮೆಕ್ಯಾನಿಕ್‌ಗೂ ಅದನ್ನೇ ಹೇಳಿದಳು.

ಅವನು ಬೇರೆ ಊರಿನಲ್ಲಿದ್ದು ಈಗಷ್ಟೇ ಇಲ್ಲಿನ ಕೆಲಸಕ್ಕೆ ಬಂದಿದ್ದ. ಎರಡು ಅಂಗಿ ಇಸ್ತ್ರಿಗೆ ಕೊಟ್ಟ. ಆಮೇಲೆ ಅವೇ ಎರಡು ಅಂಗಿಗಳನ್ನು ಮತ್ತೆ ಮತ್ತೆ ಕೊಡತೊಡಗಿದ.

"ಗ್ರೀಸ್ ಕೆಲಸಕ್ಕೆ ಇಸ್ತ್ರಿ ಅಂಗಿ ಯಾಕ್ರೀ?" ಎಂದು ಕೇಳಿದಳು ಒಂದು ದಿನ.

"ಕೆಲಸಕ್ಕಲ್ಲ."

"ಮತ್ತೆ?"

"ಕೊಡೋಕೆ ಬರ್ತೀರಲ್ಲ... ಅದಕ್ಕೆ."

ಅವಳು ಮುಖ ತಿರುಗಿಸಿಕೊಂಡಳು. ಕಿವಿಯ ತುದಿ ಬಿಸಿಯಾದದ್ದು ಕೆಂಡದಿಂದಲ್ಲ ಎಂದು ಅವಳಿಗೆ ಗೊತ್ತಿತ್ತು.

ಗಂಟಿನೊಡನೆ ಲಿಫ್ಟಿನೊಳಗೆ ಬಂದ ಕೂಡಲೇ ಅವಳು ಗೋಡೆಗೆ ಒರಗಿ ಕಣ್ಣು ಮುಚ್ಚುವುದನ್ನು ಅವನು ಗಮನಿಸಿದ್ದ. ಯಾಕೆಂದು ಕೇಳಲಿಲ್ಲ. ಮಾರನೆಯ ದಿನ ಲಿಫ್ಟಿನ ಮೂಲೆಯಲ್ಲೊಂದು ಪುಟ್ಟ ಸ್ಟೂಲು ಕುಳಿತಿತ್ತು. ಅವಳು ಗಂಟನ್ನು ಮಡಿಲಲ್ಲಿಟ್ಟುಕೊಂಡು ಅದರ ಮೇಲೆ ಕೂತಳು. ಈ ಗಾಜಿನ ಕಟ್ಟಡದಲ್ಲಿ ತನಗೆ ಯಾರೂ ಕೂರು ಎಂದಿರಲಿಲ್ಲ.

ಮಧ್ಯಾಹ್ನ ತಾರಸಿಯ ಮೆಟ್ಟಿಲ ಮೇಲೆ ಅವನು ಬುತ್ತಿ ಬಿಚ್ಚುವಾಗ ಅವಳೂ ದೂರದಲ್ಲಿ ಕುಳಿತಿರುತ್ತಿದ್ದಳು. ಒಮ್ಮೆ, ತನಗೇ ಅಚ್ಚರಿಯಾಗುವಂತೆ, ಬೀಗದ ಮಾತು ತೆಗೆದಳು. ಲಿಫ್ಟಿನ ಸ್ವಿಚ್ಚಿಗೆ ಬೀಗ ಯಾಕೆ ಹಾಕುತ್ತಾರೆ ಎಂದು ಏನೂ ಅರಿಯದವಳಂತೆ ಕೇಳಿದಳು.

"ನಾವು ಕೆಳಗೆ, ಲಿಫ್ಟು ಓಡೋ ಬಾವೀಲಿ ಇಳಿದಿರ್ತೀವಿ. ಯಾರಾದ್ರೂ ಗೊತ್ತಿಲ್ದೆ ಸ್ವಿಚ್ ಹಾಕಿದ್ರೆ ಮುಗೀತು, ಹೆಣ. ಅದಕ್ಕೆ ಇಳಿಯೋ ಮೊದಲು ಪ್ರತಿಯೊಬ್ಬನೂ ತನ್ನ ಬೀಗ ಹಾಕ್ತಾನೆ. ಬೀಗ ನೇತಾಡ್ತಿದೆ ಅಂದ್ರೆ ಒಳಗೊಬ್ಬ ಇದ್ದಾನೆ ಅಂತ. ಅದನ್ನ ಹಾಕಿದವನೇ ತೆಗೀಬೇಕು. ಪ್ರಾಣ ಹೋದ್ರೂ ಇನ್ನೊಬ್ಬ ಮುಟ್ಟಲ್ಲ."

"ಹಾಕಿದವನು ಮರೆತು ಹೊರಟುಹೋದ್ರೆ?"

ಅವನು ನಕ್ಕ. "ಹಾಗೆ ಬಿಟ್ಟುಹೋದವನು ಮೆಕ್ಯಾನಿಕ್ಕೇ ಅಲ್ಲ. ಮನುಷ್ಯನೋ ಅಲ್ಲವೋ, ಅದೂ ಡೌಟು."

ಅವಳಿಗೆ ಆ ಮಾತು ಎಷ್ಟು ಹಿತವಾಯಿತೆಂದರೆ, ಆ ದಿನವೇ ಅವನ ಮೇಲಿನ ಪ್ರೀತಿಯನ್ನು ತನ್ನೊಳಗೆ ಒಪ್ಪಿಕೊಂಡುಬಿಟ್ಟಳು.

ನಿಮ್ಮ ಮನೆಗೆ ಬರ್ತೀನಿ, ನಿಮ್ಮ ಅಮ್ಮನ್ನ ಮಾತಾಡಿಸ್ಬೇಕು ಎಂದು ಅವನು ಕೇಳಿದಾಗ ಅವಳು ಬಹಳ ದಿನ ಸತಾಯಿಸಿದಳು. ಕೊನೆಗೊಂದು ಮಧ್ಯಾಹ್ನ, ಆಗಲಿ, ಗೊತ್ತಾಗುವುದಿದ್ದರೆ ಈಗಲೇ ಗೊತ್ತಾಗಲಿ ಎಂದುಕೊಂಡು, ಅವನನ್ನು ಬೀದಿ ಸುತ್ತಿಸಿ ಹಿಂದಿನ ಗೇಟಿಗೆ ಕರೆತಂದಳು.

ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ಗೇಟಿನಲ್ಲೇ ಅವನ ಕಾಲು ನಿಂತಿತು.

"ಇಲ್ಲಿ... ಜನ ಇದ್ದಾರಾ?"

"ಯಾಕೆ, ದೆವ್ವ ಇರುತ್ತೆ ಅಂದ್ಕೊಂಡಿದ್ರಾ?"

ಅವನು ನಗಲಿಲ್ಲ. ಮೆಟ್ಟಿಲಪ್ಪ ಎದುರಿಗೇ ಬರಿಮೈಯಲ್ಲಿ ಓಡಿಹೋದ. ಮೇಲೆ ಯಾರೋ ಕೆಮ್ಮುತ್ತಿದ್ದರು, ಪಾತ್ರೆ ಸದ್ದಾಗುತ್ತಿತ್ತು. ಅವನು ದಾರಿ ಕೇಳದೆಯೇ ನೇರವಾಗಿ ಮೀಟರ್ ಕೋಣೆಗೆ ಹೋದ. ಅವಳು ಹಿಂದೆಯೇ ಹೋದಳು. ಹಸಿರು ದಾರದ ಮುಂದೆ ಅವನು ಕೈ ಇಳಿಬಿಟ್ಟು ನಿಂತಿದ್ದ.

"ಇದು ನಮ್ಮಕ್ಕ ಹೆಣೆದು ಮಿಕ್ಕಿದ ಉಣ್ಣೆ," ಎಂದ. ದನಿ ತನ್ನದಲ್ಲವೆಂಬಂತಿತ್ತು.

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಎರಡು ಹೆಜ್ಜೆ ಹಿಂದೆ ಸರಿದಳು.

ಅವನು ತಡವರಿಸುತ್ತಾ ಹೇಳಿದ. ಕೊನೆಯ ಪರೀಕ್ಷೆ ನಡೆಯುವಾಗಲೇ ಮ್ಯಾನೇಜರ್ ಅವನನ್ನು ಅವಸರದಲ್ಲಿ ಬೇರೆ ಊರಿಗೆ ಕಳಿಸಿದ್ದ. ಬೀಗ ಹಾಗೇ ಇರಲಿ, ಕಟ್ಟಡ ಖಾಲಿ ಬೀಳುತ್ತೆ, ಕೋರ್ಟಿನಲ್ಲಿ ಕೇಸಿದೆ, ಯಾರೂ ಬರೋದಿಲ್ಲ ಎಂದಿದ್ದ. ತಿರುಗಿ ಬಂದ ಮೇಲೂ ಅದೇ ಮಾತು ಹೇಳಿದ್ದ. ಲಿಫ್ಟು ಓಡಿದರೆ ಕರೆಂಟು, ರಿಪೇರಿಯ ಖರ್ಚೆಲ್ಲ ಕಂಪನಿಯ ತಲೆಗೇ ಬರುತ್ತದೆ ಎಂಬುದು ಈಗ ಅವನಿಗೆ ಹೊಳೆಯಿತು.

"ತಾರಸಿ ಮೇಲಿಂದ ಇಲ್ಲಿ ಬಟ್ಟೆ ಒಣಗೋದು ನೋಡಿದ್ದೆ. ಕಾವಲಿನವರದ್ದು ಅಂದ್ಕೊಂಡೆ. ಕೇಳ್ಲಿಲ್ಲ..."

"ಕೇಳ್ಲಿಲ್ಲ," ಎಂದಳು ಅವಳು. "ಯಾರೂ ಕೇಳ್ಲಿಲ್ಲ. ನಮ್ಮಮ್ಮನ್ನ ಹೆಣ ಹೊತ್ತ ಹಾಗೆ ಹೊತ್ತು ಇಳಿಸ್ತೀವಿ. ಆ ಮಗು ಮೆಟ್ಟಿಲ ಮೇಲೆ ಹುಟ್ಟಿತು. ನಮ್ಮ ಒಲೆ ಇದ್ದ ಕಡೆ ನೀರು ಚಿಮ್ಮಿಸ್ಕೊಂಡು ಕೂತಿದ್ದಾರಲ್ಲ, ಅವರ ಲಿಫ್ಟು ಒಂದು ಗಳಿಗೆ ನಿಂತ್ರೆ ನೀನು ಓಡಿ ಹೋಗಿ ಸಾರಿ ಕೇಳ್ತೀಯ. ನಾವೇನು ಇಲ್ಲಿ ತುಂಬಿಟ್ಟ ಮೂಟೆಗಳಾ? ತೆಗಿ ಅದನ್ನ. ಈಗಲೇ ತೆಗಿ."

ಸಿಟ್ಟಿನಲ್ಲಿ ಬಂದ ಆ 'ನೀನು' ಆಮೇಲೆ ಎಂದೂ 'ನೀವು' ಆಗಲಿಲ್ಲ.

ಅವನ ಗೊಂಚಲಿನಲ್ಲಿ ಆ ಬೀಗದ ಕೀ ಇನ್ನೂ ಇತ್ತು. ಅದನ್ನು ಹಿಡಿದವನು ತೆಗೆಯಲಿಲ್ಲ. "ಇವತ್ತು ಆಗಲ್ಲ. ಇಷ್ಟು ಕಾಲ ನಿಂತ ಲಿಫ್ಟು, ಹಗ್ಗ ನೋಡ್ದೆ..."

"ಆಗಲ್ಲ" ಎಂಬಷ್ಟೇ ಅವಳ ಕಿವಿಗೆ ಬಿದ್ದದ್ದು.

"ಗೊತ್ತಿತ್ತು. ನೀನೂ ಅವರವನೇ. ಹೋಗು. ಮತ್ತೆ ನಿನ್ನ ಅಂಗಿ ತರಬೇಡ."

ಅವನು ಕೀ ಗೊಂಚಲನ್ನು ಜೇಬಿಗೆ ಹಾಕಿಕೊಂಡ. ಹೊರಟುಹೋದ.

ಹಸಿರು ದಾರದವನು ಸಿಕ್ಕಿದನೆಂದು ಅವಳು ಕಟ್ಟಡದಲ್ಲಿ ಯಾರಿಗೂ ಹೇಳಲಿಲ್ಲ. ಯಾಕೆ ಹೇಳಲಿಲ್ಲವೆಂದು ತನ್ನನ್ನೇ ಕೇಳಿಕೊಳ್ಳಲೂ ಹೆದರಿದಳು. ಎಲ್ಲರೂ ಬೈಯುವಾಗ ಮಾತ್ರ ತಾನು ಬೈಯುವುದನ್ನು ಬಿಟ್ಟಿದ್ದಳು. ಅದನ್ನು ಗಮನಿಸಿದವಳು ಅಮ್ಮ ಒಬ್ಬಳೇ.

"ಬರ್ತಾನೆ ಅಂದ್ಯಲ್ಲ, ಬರಲಿಲ್ವಾ ಮಗಳೇ?"

"ಬರಲ್ಲ ಅಮ್ಮ."

"ಮೆಟ್ಟಿಲು ನೋಡಿ ಹೆದರಿದ್ನಾ?"

ಉತ್ತರಕ್ಕೆ ಕಾಯದೆ ಅಮ್ಮ ಮಗಳ ಕೈ ಎಳೆದುಕೊಂಡು, ಇಸ್ತ್ರಿಯಿಂದ ಸುಟ್ಟ ಗುರುತುಗಳ ಮೇಲೆ ಎಣ್ಣೆ ಸವರಿದಳು.

ಆ ವಾರ ನಾಲ್ಕನೇ ಮಹಡಿಯ ಅಜ್ಜ ಸೊಂಟ ಹಿಡಿದುಕೊಂಡು ಮಲಗಿದ. ಕುರ್ಚಿ ಹೊರಲು ಜನ ಸಾಲಲಿಲ್ಲ. ಅಮ್ಮನ ಡ್ರೆಸ್ಸಿಂಗ್ ಒಂದು ಸಲ ತಪ್ಪಿತು. ಪಾದ ಊದಿ, ಹುಣ್ಣಿನ ಅಂಚು ಕಪ್ಪಾಯಿತು. ಗಾಜಿನ ಕಟ್ಟಡದ ಕಾವಲುಗಾರ ಅವಳಿಗೊಂದು ಸುದ್ದಿ ಹೇಳಿದ. ಆ ಲಿಫ್ಟಿನವನು ಮ್ಯಾನೇಜರ್ ಹತ್ತಿರ ಜಗಳವಾಡಿ ಕೆಲಸ ಬಿಟ್ಟನಂತೆ, ಎಲ್ಲಿಗೆ ಹೋದನೋ ಗೊತ್ತಿಲ್ಲವಂತೆ.

ಓಡಿಹೋದ ಎಂದುಕೊಂಡಳು ಅವಳು. ಅಂದುಕೊಂಡದ್ದು ಸುಳ್ಳಾಗಲಿ ಎಂದೂ ಬಯಸಿದಳು.

ಮತ್ತೆ ಆಸ್ಪತ್ರೆಯ ದಿನ ಬಂತು. ಅವಳು ಬೆಳಗ್ಗೆ ಎಂದಿನಂತೆ ಮೆಟ್ಟಿಲ ಕೆಳಗಿನ ತನ್ನ ಮೇಜಿನ ಬಳಿ ಪೆಟ್ಟಿಗೆಗೆ ಕೆಂಡ ತುಂಬಿದಳು. ಮೀಟರ್ ಕೋಣೆಯ ಬಾಗಿಲು ತೆರೆದಿತ್ತು. ಇಣುಕಿದಳು.

ಒಂದು ಬೀಗವಿದ್ದ ಕಡೆ ಈಗ ಗೊಂಚಲು ಬೀಗಗಳಿದ್ದವು. ಹಸಿರು ದಾರದ ಪಕ್ಕ ಹಳದಿ ಟೇಪಿನದೊಂದು, ನೀಲಿ ಬಣ್ಣ ಬಳಿದದ್ದೊಂದು, ಇನ್ನೂ ಒಂದು.

ಒಂದು ಸಾಲದೆಂದು ಮತ್ತಷ್ಟು ಹಾಕಿದ್ದಾರೆ. ಕೇಳಲು ಹೋದದ್ದಕ್ಕೆ ಇದೇ ಉತ್ತರ. ಅವಳ ಕಣ್ಣು ಕತ್ತಲೆಗಟ್ಟಿತು. ಯಾವಾಗ ಹೋಗಿ ಕಬ್ಬಿಣದ ಪೆಟ್ಟಿಗೆ ಎತ್ತಿಕೊಂಡು ಬಂದಳೋ ತಿಳಿಯದು. ನೀರು ಹಿಡಿಯಲು ಕೆಳಗಿಳಿದಿದ್ದ ಹೆಂಗಸರು ಕೊಡ ಇಳಿಸಿ ಬಾಗಿಲಲ್ಲಿ ಗುಂಪುಗೂಡಿದರು.

"ಒಡಿ ಕೆಂಡಾ," ಎಂದಳು ಮೆಟ್ಟಿಲಪ್ಪನ ತಾಯಿ. "ಒಡೆದು ಸ್ವಿಚ್ ಹಾಕು. ಬಂದದ್ದು ಬರಲಿ, ನಾವಿದ್ದೀವಿ."

ಅವಳು ಎರಡೂ ಕೈಯಲ್ಲಿ ಪೆಟ್ಟಿಗೆಯನ್ನು ತಲೆಯ ಮೇಲಕ್ಕೆತ್ತಿದಳು. ಕಿಡಿಗಳು ಹೆಗಲ ಮೇಲೆ ಉದುರಿದವು.

ಕೈ ಅಲ್ಲೇ ನಿಂತಿತು.

ಬೀಗ ನೇತಾಡ್ತಿದೆ ಅಂದ್ರೆ ಒಳಗೊಬ್ಬ ಇದ್ದಾನೆ ಅಂತ.

ಇರಲಾರ, ಎಂದಿತು ಮನಸ್ಸು. ಇಷ್ಟು ಕಾಲ ಇರಲಿಲ್ಲ, ಈಗ ಇರುತ್ತಾನಾ? ಆದರೆ... ಇದ್ದರೆ? ಇಲ್ಲಿ ಯಾರೂ ಇಲ್ಲ ಎಂದುಕೊಂಡೇ ಅಲ್ಲವೇ ಅವರೆಲ್ಲ ನಮಗೆ ಹೀಗೆ ಮಾಡಿದ್ದು? ಕೇಳದೆ ನಾನೂ ಹೊಡೆದರೆ, ನನಗೂ ಅವರಿಗೂ ಏನು ವ್ಯತ್ಯಾಸ?

ಪೆಟ್ಟಿಗೆಯನ್ನು ಕೆಳಗಿಟ್ಟಳು. ಲಿಫ್ಟಿನ ಬಾಗಿಲ ಬಳಿ ಹೋಗಿ, ಸಂದಿಗೆ ಬಾಯಿಟ್ಟು ಕೂಗಿದಳು.

"ಒಳಗೆ ಯಾರಾದರೂ ಇದ್ದೀರಾ?"

ಕತ್ತಲ ಬಾವಿಯಲ್ಲಿ ಅವಳ ದನಿ ಮೇಲೆ ಮೇಲೆ ಹತ್ತಿಹೋಯಿತು. ಏನೂ ಇಲ್ಲ. ಆಮೇಲೆ, ಎಲ್ಲೋ ಎತ್ತರದಿಂದ...

"ಇದ್ದೀನಿ."

ಅವಳು ಅಲ್ಲೇ ನೆಲದ ಮೇಲೆ ಕುಸಿದಳು. ಇನ್ನೊಂದು ಉಸಿರು ತಡವಾಗಿದ್ದರೆ... ತನ್ನ ಕೈಯಾರೆ... ಯಾರೋ ಹೆಂಗಸು ಅವಳ ಬಾಯಿಗೆ ನೀರು ಹಿಡಿದಳು.

ಬೆಳಕು ಹರಿಯುವ ಮೊದಲೇ, ಯಾರೂ ಏಳುವ ಮುನ್ನ, ಅವನು ಬಂದಿದ್ದ. ಒಬ್ಬನೇ ಅಲ್ಲ. ಹಿಂದೆ ಇದೇ ಬೀಗ ನೋಡಿ ತಲೆಯಾಡಿಸಿ ಹೋಗಿದ್ದ ಮೆಕ್ಯಾನಿಕ್‌ಗಳನ್ನೇ ಹುಡುಕಿ, ಬೈದು, ಬೇಡಿಕೊಂಡು, ಅವರ ರಜೆಯ ದಿನ ಕರೆತಂದಿದ್ದ. ಎಲ್ಲರೂ ತಮ್ಮ ತಮ್ಮ ಬೀಗ ಹಾಕಿ ಒಳಗೆ ಇಳಿದಿದ್ದರು. ಒಬ್ಬನು ಹಗ್ಗ ನೋಡಿದ, ಒಬ್ಬನು ಬ್ರೇಕು ಬಿಚ್ಚಿ ಕಟ್ಟಿದ. ವಿಷಯ ತಿಳಿದ ಕಟ್ಟಡ, ಹಸಿರು ದಾರದವನ ವಂಶ ಜಾಲಾಡುತ್ತಿದ್ದ ಅದೇ ಕಟ್ಟಡ, ಮಹಡಿ ಮಹಡಿಯಿಂದ ಅವರಿಗೆ ಕುಡಿಯಲು ಬಿಸಿಬಿಸಿ ಚಹಾ ಹಿಡಿದು ನಿಂತಿತು. ಅಜ್ಜ ಮಾತ್ರ ಮಲಗಿದ್ದಲ್ಲಿಂದಲೇ, "ಬೈಗುಳ ಎಲ್ಲಾ ವಾಪಸ್ ತಗೊಳ್ಳಲ್ಲ ಅಂತ ಹೇಳಿ, ಅರ್ಧ ಮಾತ್ರ" ಎಂದು ಹೇಳಿಕಳಿಸಿದ.

ಸುದ್ದಿ ಮ್ಯಾನೇಜರ್‌ಗೂ ಮುಟ್ಟಿತು. ಬಂದವನು ಕೂಗಾಡಿದ. ಕಂಪನಿಯ ಆಸ್ತಿ, ಅನುಮತಿ ಇಲ್ಲ, ಕೆಲಸ ಬಿಟ್ಟವನಿಗೆ ಇಲ್ಲೇನು ಕೆಲಸ ಎಂದ. ಕೊನೆಗೆ ದನಿ ತಗ್ಗಿಸಿ, ಹಿತೈಷಿಯಂತೆ ಕೇಳಿದ. ನಾಳೆ ಈ ಲಿಫ್ಟಿನಲ್ಲಿ ಏನಾದರೂ ಆದರೆ ಯಾರು ಜವಾಬ್ದಾರಿ?

ಕೆಂಡ ಎದ್ದು ಬಂದು ಅವನೆದುರು ನಿಂತಳು. ಅವಳ ದನಿ ಏರಲಿಲ್ಲ.

"ನಮ್ಮಮ್ಮನ ಪಾದಕ್ಕೆ ಯಾರು ಜವಾಬ್ದಾರಿ ಅಂತ ಮೊದಲು ಹೇಳಿ. ಅದನ್ನ ಹೇಳಿದ ಮೇಲೆ ಇದನ್ನ ಮಾತಾಡೋಣ. ಬೀಗ ಹಾಕಿದವನು ಬಂದು ತೆಗೀಬೇಕು ಅಂದ್ರಿ. ಬಂದಿದ್ದಾನೆ. ತೆಗೀತಾನೆ. ಹಾಕೋನು ಇನ್ಯಾರಾದ್ರೂ ಇದ್ರೆ, ಇಷ್ಟು ಜನದ ಮುಂದೆ ಹಾಕಲಿ."

ಮೆಟ್ಟಿಲು ತುಂಬ ಜನ ನಿಂತಿದ್ದರು. ಮ್ಯಾನೇಜರ್ ಫೋನು ಕಿವಿಗಿಟ್ಟುಕೊಂಡು ಗೇಟಿನ ಕಡೆ ನಡೆದ. ಅವನು ತಿರುಗಿ ಬರುತ್ತಾನೆಂದು, ಬೇರೆ ಕಾಗದ ಹಿಡಿದು ಬರುತ್ತಾನೆಂದು ಎಲ್ಲರಿಗೂ ಗೊತ್ತಿತ್ತು. ಬರಲಿ, ನಾವೂ ಇಲ್ಲೇ ಇರ್ತೀವಿ ಎಂದಳು ಮೆಟ್ಟಿಲಪ್ಪನ ತಾಯಿ.

ಒಬ್ಬೊಬ್ಬರಾಗಿ ತಮ್ಮ ಬೀಗ ತೆಗೆದುಕೊಂಡರು. ಕೊನೆಯದು ಹಸಿರು ದಾರದ್ದು. ಅವನು ಅದನ್ನು ತೆಗೆದು ಜೇಬಿಗೆ ಹಾಕಿಕೊಳ್ಳಲಿಲ್ಲ. ಅವಳ ಮುಂದೆ ಹಿಡಿದ.

"ಬೀಗ ಬಿಟ್ಟುಹೋದವನ ಬಗ್ಗೆ ನಾನೇ ಒಂದು ಮಾತು ಹೇಳಿದ್ದೆ, ನೆನಪಿದೆಯಾ?"

"ಇದೆ."

"ಅದು ನಿಜ."

"ಅರ್ಧ ನಿಜ," ಎಂದಳು. "ತಿರುಗಿ ಬರೋನ ಬಗ್ಗೆ ನೀನು ಏನೂ ಹೇಳಿರಲಿಲ್ಲ." ಬೀಗವನ್ನು ತೆಗೆದುಕೊಂಡು ಸೆರಗಿಗೆ ಗಂಟು ಹಾಕಿಕೊಂಡಳು. "ಅವತ್ತು ನಿನ್ನ ಮಾತು ಪೂರ್ತಿ ಕೇಳಬೇಕಿತ್ತು ನಾನು."

"ಕೆಲಸ ಹೋಯ್ತು ನಂದು. ಇಸ್ತ್ರಿಗೆ ಕೊಡೋ ಅಂಗಿ ಕೂಡ ಇದೊಂದೇ ಉಳಿದಿರೋದು. ಆದ್ರೂ ಕೇಳ್ತೀನಿ... ನಿನ್ನ ಜೊತೆ ಇರಬೇಕು ನಂಗೆ."

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. "ಮೊದಲು ಅಮ್ಮನ್ನ ಇಳಿಸು," ಎಂದಳು.

ಏಳನೇ ಮಹಡಿಯಲ್ಲಿ ಬಾಗಿಲು ತೆರೆದಾಗ ಅಮ್ಮ ಗೋಡೆ ಹಿಡಿದು ನಿಂತಿದ್ದಳು. ಬಟ್ಟೆ ಸುತ್ತಿದ, ಊದಿದ ಪಾದವನ್ನು ಹೊಸ್ತಿಲು ದಾಟಿಸುವಂತೆ ಜೋಪಾನವಾಗಿ ಒಳಗಿಟ್ಟಳು. ಲಿಫ್ಟಿನ ಮೂಲೆಯಲ್ಲೊಂದು ಪುಟ್ಟ ಸ್ಟೂಲಿತ್ತು. ಕೆಂಡಳಿಗೆ ಅದರ ಗುರುತು ಸಿಕ್ಕಿತು. ಗಾಜಿನ ಕಟ್ಟಡದಿಂದ ಅವನು ತಂದದ್ದು ಅದೊಂದೇ.

ಅಮ್ಮ ಕುಳಿತಳು. ಮಗಳು ಪಕ್ಕ ನಿಂತಳು. ಅವನು ಹೊರಗೇ ನಿಂತು ಅವರಿಬ್ಬರನ್ನೂ ನೋಡಿದ. ಆಮೇಲೆ ಎರಡು ಕೈಯಲ್ಲೂ ಬಾಗಿಲಿಗೆ ಆನಿಕೊಂಡು, ಮೊದಲ ದಿನದ ಅದೇ ದನಿಯಲ್ಲಿ ಕೇಳಿದ.

"ಒಳಗೆ ಯಾರಾದರೂ ಇದ್ದೀರಾ?"

"ಇದ್ದೀವಿ," ಎಂದಳು ಕೆಂಡ. "ನಿನಗೂ ಜಾಗ ಇದೆ. ಬಾ."